ಕಾಫಿಪುಡಿಯೇ ಮೇಲೆ ಬರುವ ಪಟ್ಟಿ

ಪ್ರಶ್ನೆ: ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಹತ್ತಿರ ನಮ್ಮದೊಂದು ದಿನಸಿ ಅಂಗಡಿಯಿದೆ. ಯಾವ ಸಾಮಾನಿನ ಜೊತೆ ಯಾವುದು ಹೋಗುತ್ತದೆಂದು ನನ್ನ ಮಗಳು ಬಿಲ್ಲುಗಳನ್ನೆಲ್ಲ ಕಂಪ್ಯೂಟರಿಗೆ ಕೊಟ್ಟು ತೆಗೆಸಿದಾಗ ‘ಸಕ್ಕರೆ ಕೊಂಡವರು ಕಾಫಿಪುಡಿಯನ್ನೂ ಕೊಳ್ಳುತ್ತಾರೆ’ ಎಂಬಂಥ ನೂರಾರು ನಿಯಮಗಳು ಬಂದವು. ಕಾನ್ಫಿಡೆನ್ಸ್ ಪ್ರಕಾರ ಜೋಡಿಸಿದರೆ ಮೇಲಿನವುಗಳಲ್ಲೆಲ್ಲ ಕಾಫಿಪುಡಿಯೇ ಇದೆ. ಇವುಗಳಲ್ಲಿ ಗಮನಿಸಬೇಕಾದದ್ದು ಯಾವುದು?

ಉತ್ತರ: ಸಕ್ಕರೆ ಕೊಂಡವರಲ್ಲಿ ಎಷ್ಟು ಮಂದಿ ಕಾಫಿಪುಡಿಯನ್ನೂ ಕೊಂಡರೆಂಬುದನ್ನಷ್ಟೇ ಕಾನ್ಫಿಡೆನ್ಸ್ ಹೇಳುತ್ತದೆ, ಸಕ್ಕರೆಯ ಹಂಗಿಲ್ಲದೆ ಕಾಫಿಪುಡಿ ಎಷ್ಟು ಹೋಗುತ್ತದೆಂಬುದು ಅದರ ಲೆಕ್ಕದಲ್ಲಿಲ್ಲ. 1,000 ಬಿಲ್ಲುಗಳ ಪೈಕಿ 800ರಲ್ಲಿ ಕಾಫಿಪುಡಿ, 500ರಲ್ಲಿ ಸಕ್ಕರೆ, 390ರಲ್ಲಿ ಎರಡೂ ಇವೆ ಎಂದಿಟ್ಟುಕೊಳ್ಳಿ. ಕಾನ್ಫಿಡೆನ್ಸ್ ಶೇ. 78 ಆಗುತ್ತದೆ. ಆದರೆ ಒಟ್ಟು ಬಿಲ್ಲುಗಳಲ್ಲೇ ಶೇ. 80ರಲ್ಲಿ ಕಾಫಿಪುಡಿ ಇರುವಾಗ, ಸಕ್ಕರೆ ಕೊಂಡವರು ಅದನ್ನು ತುಸು ಕಡಿಮೆಯೇ ಕೊಂಡಂತಾಯಿತು!

1993ರಲ್ಲಿ ಕಂಪ್ಯೂಟರ್ ವಿಜ್ಞಾನಿ ರಾಕೇಶ್ ಅಗರವಾಲ್ ಮತ್ತು ಸಂಗಡಿಗರು ಇಂಥ ನಿಯಮಗಳ ಹುಡುಕಾಟವನ್ನು ಮಂಡಿಸಿದಾಗ ಬಳಸಿದ್ದು ಸಪೋರ್ಟ್ (ಒಟ್ಟು ಬಿಲ್ಲುಗಳ ಎಷ್ಟು ಪಾಲಿನಲ್ಲಿ ಎರಡೂ ಸಾಮಾನುಗಳಿವೆ ಎಂಬುದು) ಮತ್ತು ಕಾನ್ಫಿಡೆನ್ಸ್ ಎಂಬ ಎರಡು ಜರಡಿಗಳನ್ನು. ಇವುಗಳಲ್ಲಿ ನಿಲ್ಲದ ಹೊಟ್ಟನ್ನು ಹಿಡಿಯುವುದು ಲಿಫ್ಟ್: ಎರಡು ಸಾಮಾನುಗಳಿಗೆ ಸಂಬಂಧವೇ ಇಲ್ಲದಿದ್ದರೆ ಎಷ್ಟು ಬಿಲ್ಲುಗಳಲ್ಲಿ ಜೊತೆಯಾಗುತ್ತಿದ್ದವೋ, ಅದರ ಎಷ್ಟು ಪಟ್ಟು ನಿಜವಾಗಿ ಜೊತೆಯಾಗಿವೆ ಎಂಬ ಸಂಖ್ಯೆ. ಅದೇ 1,000 ಬಿಲ್ಲುಗಳ ಪೈಕಿ ಅಕ್ಕಿಹಿಟ್ಟು 100, ಅವರೆಕಾಳು 150, ಎರಡೂ 60 ಬಿಲ್ಲುಗಳಲ್ಲಿದ್ದರೆ, ನಿರೀಕ್ಷೆ 15 (100ರ ಶೇ. 15) ಮಾತ್ರವಾದ್ದರಿಂದ ಲಿಫ್ಟ್ 4. ಹಾಗೆಂದು ಲಿಫ್ಟನ್ನೇ ನೆಚ್ಚಬೇಡಿ. ಇಡೀ ಲೆಕ್ಕದಲ್ಲಿ ಎರಡೇ ಸಲ, ಅದೂ ಅದೇ ಎರಡು ಬಿಲ್ಲುಗಳಲ್ಲಿ ಹೋದ ಸಾಮಾನುಗಳಿಗೆ ಲಿಫ್ಟ್ 500 ಬಂದು ಅವು ಪಟ್ಟಿಯ ತಲೆಗೇರುತ್ತವೆ. ಪಟ್ಟು ನೋಡದೆ, ನಿಜವಾದ ಸಂಖ್ಯೆಯಿಂದ ನಿರೀಕ್ಷೆಯನ್ನು ಕಳೆದು ಹೆಚ್ಚಾದ ಬಿಲ್ಲುಗಳನ್ನು ಎಣಿಸಿದರೆ ಈ ಕುಚೇಷ್ಟೆ ಅಡಗುತ್ತದೆ: ಅವರೆಕಾಳಿಗೆ 45, ಆ ಅಪರೂಪದ ಜೋಡಿಗೆ ಬರೀ 2. ಸಂಶೋಧಕ ಪಿಯಾಟೆಟ್ಸ್ಕಿ-ಶಪಿರೊ 1991ರಲ್ಲಿ ಸೂಚಿಸಿದ ಅಳತೆ ಇದೇ ಬಗೆಯದು. ಈಗ ಅದನ್ನು ಲಿವರೇಜ್ ಎನ್ನುತ್ತಾರೆ. ಅಳತೆಗಳು ಇನ್ನೂ ಹತ್ತಾರಿವೆ, ನಿಮ್ಮ ಅಂಗಡಿಗೆ ಇಷ್ಟು ಸಾಕು.

ಇಷ್ಟಾದರೂ ಅವರೆಕಾಳಿನ ರೊಟ್ಟಿ ತಟ್ಟುವ ಊರಿನ ಅಂಗಡಿಯವರಿಗೆ ಆ ಅಕ್ಕಿಹಿಟ್ಟು-ಅವರೆಕಾಳಿನ ನಿಯಮದಿಂದ ಹೊಸದೇನು ತಿಳಿಯಿತು? ಸಂಶೋಧಕರಾದ ಸಿಲ್ಬರ್‌ಶಾಟ್ಜ್ ಮತ್ತು ತುಝಿಲಿನ್ 1990ರ ದಶಕದಲ್ಲಿ ಒತ್ತಿ ಹೇಳಿದ್ದೂ ಇದನ್ನೇ: ಬಳಸುವವರು ಮೊದಲೇ ನಂಬಿದ್ದಕ್ಕೆ ವಿರುದ್ಧವಾಗಿರುವುದು, ಇಲ್ಲವೇ ಅದರಿಂದ ಅವರು ಏನಾದರೂ ಮಾಡಲು ಸಾಧ್ಯವಾಗುವುದು ಮಾತ್ರ ಸ್ವಾರಸ್ಯದ ನಿಯಮ. ಆದ್ದರಿಂದ ಮೊದಲು ಲಿವರೇಜ್ ಪ್ರಕಾರ ಜೋಡಿಸಿ, ನಿಮಗೆ ಗೊತ್ತಿರುವುದನ್ನೆಲ್ಲ ಹೊಡೆದುಹಾಕಿ. ಉಳಿದವನ್ನು ಮುಂದಿನ ತಿಂಗಳ ಬಿಲ್ಲುಗಳ ಮೇಲೆ ಮತ್ತೊಮ್ಮೆ ಪರೀಕ್ಷಿಸಿರಿ. ನೂರಾರು ನಿಯಮಗಳನ್ನು ಒಟ್ಟಿಗೆ ಹುಡುಕಿದಾಗ ಕೆಲವು ಬರೀ ಆಕಸ್ಮಿಕದಿಂದಲೇ ಮೇಲೇರಿರುತ್ತವೆ.