ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಇಂಟರ್ನ್‌ಶಿಪ್‌ನಲ್ಲಿ ನಿಜವಾಗಿ ಏನು ಮಾಡಿಸ್ತಾರೆ? ದಾವಣಗೆರೆಯ ಬಿ.ಕಾಂ. ಹುಡುಗನಿಗೆ ಅದು ಆಗುತ್ತಾ?

ನಾನೂ ದಾವಣಗೆರೆಯವನೇ. ಎಂಬಿಎ ಮೊದಲ ವರ್ಷ ಮುಗಿದ ಮೇಲೆ ಏಪ್ರಿಲ್, ಮೇ ಎರಡು ತಿಂಗಳು ಬೆಂಗಳೂರಿನ ಒಂದು ಸಣ್ಣ ಸಂಸ್ಥೆಯಲ್ಲಿ ಇಂಟರ್ನ್ ಆಗಿದ್ದೆ. ಹೆಸರು ಬೇಡ. ದೊಡ್ಡ ವಿದೇಶಿ ಬ್ಯಾಂಕುಗಳಲ್ಲಿ ಹೇಗೋ ನಾನು ಹೇಳಲಾರೆ, ನಾನು ಕಂಡದ್ದು ಇಷ್ಟು.

ನಮ್ಮಪ್ಪನದು ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ. ಹೊರಡುವ ಹಿಂದಿನ ದಿನ "ಬ್ಯಾಂಕು ಅಂತೀಯಲ್ಲ, ಸಾಲ ಕೊಡ್ತಾರೇನೋ?" ಅಂದರು. ಇಲ್ಲಪ್ಪ, ಸಾಲ ಇಲ್ಲ, ಡೆಪಾಸಿಟ್ಟೂ ಇಲ್ಲ. ಕಂಪನಿ ಮಾರೋರಿಗೆ ಗಿರಾಕಿ ಹುಡುಕ್ತಾರೆ, ಬಂಡವಾಳ ಬೇಕಾದವರಿಗೆ ದುಡ್ಡು ಹಾಕೋರನ್ನು ತರ್ತಾರೆ, ವ್ಯವಹಾರ ಕುದುರಿದರೆ ನೂರಕ್ಕೆ ಇಷ್ಟು ಅಂತ ಫೀಸು ತಗೋತಾರೆ ಅಂದೆ. "ಹಂಗಾದ್ರೆ ದಲಾಲಿನೇ ಬಿಡು. ಅದಕ್ಕೆ ಎಂಬಿಎ ಯಾಕೆ?" ಅಂದರು. ಆಗ ಸಿಟ್ಟು ಬಂದಿತ್ತು. ಎರಡು ತಿಂಗಳು ದುಡಿದ ಮೇಲೂ ಇದಕ್ಕಿಂತ ಒಳ್ಳೆ ವಿವರಣೆ ನನಗೆ ಸಿಕ್ಕಿಲ್ಲ. ಅಪ್ಪನಿಗೆ ಎಪಿಎಂಸಿ ಲೈಸೆನ್ಸು ಬೇಕು. ಐಪಿಒ, ಅಂದರೆ ಕಂಪನಿ ಮೊದಲ ಸಲ ಜನರಿಗೆ ಷೇರು ಮಾರೋದು, ಅದನ್ನು ಮಾಡಿಸೋರಿಗೆ ಷೇರು ಪೇಟೆ ನಿಯಂತ್ರಿಸೋ ಸೆಬಿಯಲ್ಲಿ ಮರ್ಚೆಂಟ್ ಬ್ಯಾಂಕರ್ ಅಂತ ನೋಂದಣಿ ಬೇಕು.

ಕೆಲಸವೂ ಹಾಗೇ. ಮೊದಲು ಟೀಸರ್ ಅಂತ ಒಂದೆರಡು ಪುಟ ತಯಾರಾಗುತ್ತೆ. ಅದರಲ್ಲಿ ಕಂಪನಿಯ ಹೆಸರೇ ಇರಲ್ಲ. ಯಾವ ಧಂದೆ, ಎಷ್ಟು ವಹಿವಾಟು, ಎಷ್ಟು ಲಾಭ, ಅಷ್ಟೆ. ಚೀಲಕ್ಕೆ ಚುಚ್ಚಿ ಒಂದು ಹಿಡಿ ಕಾಳು ಅಂಗೈ ಮೇಲೆ ತೋರಿಸ್ತಾರಲ್ಲ, ಅದು. ಇಷ್ಟವಾದವರು ಗುಟ್ಟು ಕಾಪಾಡುತ್ತೇವೆ ಅಂತ ಎನ್‌ಡಿಎಗೆ ಸಹಿ ಹಾಕಬೇಕು. ಆಮೇಲೇ ಹೆಸರು, ಪೂರ್ತಿ ಲೆಕ್ಕ.

ನಮ್ಮ ತಂಡಕ್ಕೆ ಆಗ ಬಂದಿದ್ದು ಮೆಕ್ಕೆಜೋಳದಿಂದ ಸ್ಟಾರ್ಚ್ ತೆಗೆಯುವ ಒಂದು ಮನೆತನದ ಕಂಪನಿ. ನನ್ನ ಪಾಲಿಗೆ ಕಾಂಪ್ಸ್. ಅಂದರೆ ಅದೇ ಧಂದೆಯಲ್ಲಿರೋ, ಷೇರು ಪೇಟೆಯಲ್ಲಿರೋ ಕಂಪನಿಗಳನ್ನು ಪಟ್ಟಿ ಮಾಡೋದು. ಗುಜರಾತ್ ಅಂಬುಜಾ ಎಕ್ಸ್‌ಪೋರ್ಟ್ಸ್, ಸುಖ್‌ಜಿತ್ ಸ್ಟಾರ್ಚ್ ಅಂಥವು. ಅವುಗಳ ಒಟ್ಟು ಷೇರು ಬೆಲೆಗೆ ಸಾಲ ಕೂಡಿಸಿ, ಕೈಯಲ್ಲಿರೋ ನಗದು ಕಳೆದರೆ ಎಂಟರ್‌ಪ್ರೈಸ್ ವ್ಯಾಲ್ಯೂ. ಅದನ್ನು ಎಬಿಟ್‌ಡಾದಿಂದ, ಅಂದರೆ ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮೊದಲಿನ ಲಾಭದಿಂದ ಭಾಗಿಸಬೇಕು. 8 ಪಟ್ಟು ಬಂತು ಅನ್ನಿ. ನಮ್ಮ ಕಂಪನಿಯ ಎಬಿಟ್‌ಡಾ 20 ಕೋಟಿ ಇದ್ದರೆ ಬೆಲೆ 160 ಕೋಟಿ. ಅದರಲ್ಲಿ ಸಾಲ 45 ಕೋಟಿ ಹೋದರೆ ಮಾಲೀಕರ ಕೈಗೆ 115. ಲೆಕ್ಕ ಇಷ್ಟೇ, ಏಳನೇ ಕ್ಲಾಸಿನದು. ನಾನು ಅದರಲ್ಲೂ ಎಡವಿದೆ. ಒಂದು ಕಂಪನಿಯ ವರದಿ ಲಕ್ಷದಲ್ಲಿತ್ತು, ಉಳಿದದ್ದೆಲ್ಲ ಕೋಟಿಯಲ್ಲಿ. ಅದರ ಎಬಿಟ್‌ಡಾ ನೋಡದೇ ಹಾಗೇ ಹಾಕಿದೆ. 8 ಬರಬೇಕಾದ ಕಡೆ 0.08 ಬಂತು. ಮೇಲಿನವರು ಶೀಟ್ ನೋಡಿ "ಈ ರೇಟಿಗೆ ಸಿಕ್ಕರೆ ನಾನೇ ತಗೋತೀನಿ ಕಣಪ್ಪ" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಉಳಿದ ಹೊತ್ತೆಲ್ಲ ಪವರ್‌ಪಾಯಿಂಟ್. ಲೋಗೋಗಳು ಒಂದೇ ಗೆರೆಯಲ್ಲಿ ಬಂದಿವೆಯಾ, ಎಕ್ಸೆಲ್‌ನಲ್ಲಿ ಕೈಯಾರೆ ಹಾಕಿದ ಅಂಕಿ ನೀಲಿ, ಫಾರ್ಮುಲಾ ಕಪ್ಪು ಇದೆಯಾ. ಸಂಜೆ ಆರರವರೆಗೆ ಸುಮ್ನೆ ಕೂತಿರ್ತೀರಿ. ರಾತ್ರಿ ಹತ್ತೂವರೆಗೆ ತಿದ್ದುಪಡಿ ಬರುತ್ತೆ, ಬೆಳಗ್ಗೆ ಒಂಬತ್ತಕ್ಕೆ ಬೇಕು ಅಂತಾರೆ. ಇದರ ಬಗ್ಗೆ ಜಾಸ್ತಿ ಹೇಳೋಕೆ ಏನೂ ಇಲ್ಲ, ಬೇಜಾರಿನ ಕೆಲಸ.

ಈಗ ನಿಮ್ಮ ಎರಡನೇ ಪ್ರಶ್ನೆ, ನಮ್ಮಂಥ ಊರಿನವರಿಗೆ ಆಗುತ್ತಾ ಅಂತ. ನಾನು ಒಂದೇ ಒಂದು ಸಲ ತಲೆಯೆತ್ತಿ ಮಾತಾಡಿದ್ದು ಊರಿನ ದೆಸೆಯಿಂದಲೇ. ಎಲ್ಲರೂ ಮಾರ್ಚ್ 31ರ ಬ್ಯಾಲೆನ್ಸ್ ಶೀಟ್ ಹಿಡಿದು ಇವರಿಗೆ ಇಷ್ಟು ದುಡಿಮೆ ಬಂಡವಾಳ (ದಿನದ ವ್ಯವಹಾರ ನಡೆಸೋಕೆ ಬೇಕಾದ ದುಡ್ಡು) ಸಾಕು ಅಂತ ಲೆಕ್ಕ ಹಾಕ್ತಿದ್ದರು. ಆದರೆ ನಮ್ಮ ಕಡೆ ಮುಂಗಾರಿನ ಮೆಕ್ಕೆಜೋಳ ಯಾರ್ಡಿಗೆ ಬರೋದು ಅಕ್ಟೋಬರ್, ನವೆಂಬರಿನಲ್ಲಿ. ಅಪ್ಪನ ಅಂಗಡಿ ಮುಂದೆ ಕಾಲಿಡೋಕೆ ಜಾಗ ಇರಲ್ಲ. ರೇಟು ಇಳಿದಿರುತ್ತೆ, ಫ್ಯಾಕ್ಟರಿಯವರು ಗೋಡೌನ್ ತುಂಬಿಕೊಳ್ಳೋದು ಆಗಲೇ. ಮಾರ್ಚ್ ಹೊತ್ತಿಗೆ ಎಷ್ಟೋ ಕರಗಿರುತ್ತೆ, ಸಾಲವೂ ಇಳಿದಿರುತ್ತೆ. "ಕ್ಯಾಶ್ ಕ್ರೆಡಿಟ್‌ಗೆ ಅಂತ ಬ್ಯಾಂಕಿಗೆ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ಕೊಟ್ಟಿರ್ತಾರೆ ಸಾರ್, ಅದನ್ನು ಕೇಳೋಣ್ವಾ?" ಅಂದೆ. ಕ್ಯಾಶ್ ಕ್ರೆಡಿಟ್ ಅಂದರೆ ದಾಸ್ತಾನಿನ ಮೇಲೆ ಬ್ಯಾಂಕು ಕೊಡೋ ಸಾಲ. ತರಿಸಿದರು. ಡಿಸೆಂಬರಿನ ಸಾಲ ಮಾರ್ಚಿನ ಎರಡರಷ್ಟಕ್ಕೂ ಮೇಲಿತ್ತು. ಕೊಳ್ಳುವವರು ಇದನ್ನು ಆಮೇಲೆ ಕಂಡುಹಿಡಿದಿದ್ದರೆ ಬೆಲೆ ಜಗ್ಗುತ್ತಿದ್ದರು. ಹನ್ನೆರಡು ತಿಂಗಳ ಸರಾಸರಿ ಹಾಕಿ ಆ ಪುಟ ಮತ್ತೆ ಬರೆದೆವು. ಅವತ್ತು ರಾತ್ರಿ ಒಂದೂವರೆಗೆ ರೂಮಿಗೆ ಹೋದರೂ ನಿದ್ದೆ ಬರಲಿಲ್ಲ, ಖುಷಿಗೆ.

ಇಂಗ್ಲಿಷ್ ಬಗ್ಗೆ ಹೆದರಬೇಡಿ. ಮಾತಾಡೋದಕ್ಕಿಂತ ಇಮೇಲ್ ಬರೆಯೋದೇ ಜಾಸ್ತಿ, ಅದು ಮೂರು ವಾರದಲ್ಲಿ ಕೈಗೆ ಕೂರುತ್ತೆ.

ಇನ್ನೊಂದು ವಿಷಯ. ಬಾಯಿ ಬಿಗಿ ಇರಬೇಕು. ಮಧ್ಯೆ ಒಂದು ಭಾನುವಾರ ಊರಿಗೆ ಬಂದಾಗ ಬೆಣ್ಣೆದೋಸೆ ಹೋಟೆಲಿನಲ್ಲಿ ಅಪ್ಪನ ಸ್ನೇಹಿತರೊಬ್ಬರು "ತಮ್ಮಾ, ಯಾವ ಷೇರು ತಗೊಳ್ಳಲಿ, ಕಿವಿಯಲ್ಲಿ ಹೇಳು" ಅಂದರು. ಷೇರು ಪೇಟೆಯಲ್ಲಿರೋ ಕಂಪನಿಯ ಒಳಗಿನ ಸುದ್ದಿ ಹಾಗೆ ದಾಟಿಸಿದರೆ ಸೆಬಿಯ 2015ರ ಇನ್‌ಸೈಡರ್ ಟ್ರೇಡಿಂಗ್ ನಿಯಮದಲ್ಲಿ ಸಿಕ್ಕಿಬೀಳ್ತೀರಿ. ಇಂಟರ್ನ್ ಅಂತ ವಿನಾಯಿತಿ ಇಲ್ಲ. "ಇನ್ನೊಂದು ದೋಸೆ ತಗೊಳ್ಳಿ ಕಾಕಾ" ಅಂದೆ.

ಪ್ರೀ-ಪ್ಲೇಸ್‌ಮೆಂಟ್ ಆಫರ್, ಅಂದರೆ ಇಂಟರ್ನ್‌ಶಿಪ್ ನೋಡಿ ಅಲ್ಲೇ ಕೊಡೋ ಕಾಯಂ ಕೆಲಸ, ನನಗೆ ಸಿಗಲಿಲ್ಲ. ನಾವು ಮೂವರಿದ್ದೆವು, ಒಬ್ಬಳಿಗೆ ಸಿಕ್ಕಿತು. ಅವಳು ಶೀಟ್ ಕಳಿಸುವ ಮುಂಚೆ ಪ್ರಿಂಟ್ ತೆಗೆದು ಪೆನ್ನು ಹಿಡಿದು ಒಂದೊಂದೇ ಅಂಕಿ ಟಿಕ್ ಮಾಡ್ತಿದ್ದಳು. ನಾನು ಮಾಡ್ತಿರಲಿಲ್ಲ.

ಅರ್ಜಿ ಹಾಕೋ ಮುಂಚೆ ಯಾವುದಾದರೂ ಒಂದು ಕಂಪನಿಯ ಐದು ವರ್ಷದ ವಾರ್ಷಿಕ ವರದಿ ಇಳಿಸಿಕೊಳ್ಳಿ, ಪುಕ್ಕಟೆ ಸಿಗುತ್ತೆ. ಅಂಕಿಗಳನ್ನು ಕೈಯಾರೆ ಎಕ್ಸೆಲ್‌ಗೆ ಹಾಕಿ, ಮುಂದಿನ ಮೂರು ವರ್ಷದ್ದು ನೀವೇ ಅಂದಾಜು ಮಾಡಿ. ಬ್ಯಾಲೆನ್ಸ್ ಶೀಟಿನ ಎರಡು ಬದಿ ಮೊದಲ ಸಲಕ್ಕೆ ತಾಳೆ ಆಗಲ್ಲ. ಎಲ್ಲಿ ತಪ್ಪಿದೆ ಅಂತ ಹುಡುಕುತ್ತಾ ಊಟಕ್ಕೆ ಕರೆದದ್ದೂ ಕೇಳಿಸದೇ ಹೋದರೆ ಅರ್ಜಿ ಹಾಕಿ. ಲಕ್ಷನಾ ಕೋಟಿನಾ ಅಂತ ಮಾತ್ರ ಮೊದಲೇ ನೋಡ್ಕೊಳ್ಳಿ.