ಲಕ್ಷದ್ವೀಪಕ್ಕೆ ಹಡಗೋ, ವಿಮಾನವೋ?

ಪ್ರಶ್ನೆ: ಬರುವ ಜನವರಿಯಲ್ಲಿ ಅಮ್ಮನನ್ನು ಲಕ್ಷದ್ವೀಪಕ್ಕೆ ಕರೆದುಕೊಂಡು ಹೋಗುವ ಆಸೆ. ಅವರಿಗೆ 66 ವರ್ಷ, ಮಂಡಿನೋವು ಬೇರೆ. ಕೊಚ್ಚಿಯಿಂದ ಹಡಗಿನಲ್ಲಿ ಹೋಗೋಣವೋ, ವಿಮಾನದಲ್ಲೋ? ಅಲ್ಲಿ ದ್ವೀಪದಿಂದ ದ್ವೀಪಕ್ಕೆ ಓಡಾಟ ಹೇಗೆ?
– ಒಬ್ಬ ಓದುಗಿ

ಉತ್ತರ: ಮಂಡಿನೋವಿನ ವಿಷಯ ಬರೆದಿದ್ದು ಒಳ್ಳೆಯದಾಯಿತು. ವಿಮಾನದಲ್ಲೇ ಹೋಗಿ.

ಹಡಗಿನ ಪ್ರಯಾಣ ನನಗೆ ಬಹಳ ಇಷ್ಟ. ಕೊಚ್ಚಿಯಿಂದ 14ರಿಂದ 18 ಗಂಟೆ, ಯಾವ ದ್ವೀಪ ಅನ್ನುವುದರ ಮೇಲೆ. ‘ಸಮುದ್ರಂ’ ಪ್ಯಾಕೇಜಿನಲ್ಲಿ ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ಸುತ್ತಾಟ, ರಾತ್ರಿ ಹಡಗಿನಲ್ಲೇ ನಿದ್ದೆ. ಕಷ್ಟ ಇರುವುದು ಇಳಿಯುವಲ್ಲಿ. ಹವಳದ ದಂಡೆಯ ಒಳಗೆ ನೀರು ಆಳವಿಲ್ಲ. ಹಾಗಾಗಿ ದೊಡ್ಡ ಹಡಗು ಸಾಮಾನ್ಯವಾಗಿ ಹೊರಗೇ ನಿಲ್ಲುತ್ತದೆ, ನಾವು ಸಣ್ಣ ದೋಣಿಗೆ ಇಳಿಯಬೇಕು. ಕಲ್ಪೇನಿಯಲ್ಲಿ ನಾನು ಇಳಿದಾಗ ದೋಣಿ ಒಮ್ಮೆ ಹಡಗಿನ ಬಾಗಿಲಿನ ಮಟ್ಟಕ್ಕೆ ಏರುತ್ತಿತ್ತು, ಮರುಗಳಿಗೆ ಮೂರಡಿ ಕೆಳಗೆ. ಏರಿದಾಗಲೇ ಕಾಲಿಡಬೇಕು. ಹಡಗಿನ ಹುಡುಗರು ಎರಡೂ ತೋಳು ಹಿಡಿದು ದಾಟಿಸುತ್ತಾರೆ, ನಿಜ. ಆದರೂ ನನ್ನ ಮುಂದಿದ್ದ ಅಜ್ಜಿ ಮೂರು ಸಲ ಕಾಲು ಚಾಚಿ ಹಿಂದೆಳೆದುಕೊಂಡರು. ವಾಪಸ್ ಹತ್ತುವಾಗಲೂ ಇದೇ ಪಾಡು ಅಲ್ವಾ?

ವಿಮಾನ ಇಳಿಯುವುದು ಅಗತ್ತಿಯಲ್ಲಿ ಮಾತ್ರ. ಕೊಚ್ಚಿಯಿಂದ ಒಂದೂವರೆ ಗಂಟೆಯ ಆಸುಪಾಸು. ಅಮ್ಮನಿಗೆ ಕಿಟಕಿ ಪಕ್ಕದ ಸೀಟು ಕೊಡಿ, ರನ್‌ವೇಯ ಎರಡೂ ಕಡೆ ಸಮುದ್ರವೇ! ದ್ವೀಪದ ಉದ್ದ ಏಳು ಕಿ.ಮೀ. ಚಿಲ್ಲರೆ. ಅಮ್ಮನಿಗೆ ಆಟೊ, ನಿಮಗೆ ಸೈಕಲ್ ಸಾಕು. ಬಂಗಾರಂ, ತಿನ್ನಕರಕ್ಕೆ ಅಲ್ಲಿಂದಲೇ ದೋಣಿ ಇದೆ. ಜನವರಿಯಲ್ಲಿ ಸಮುದ್ರ ಸಾಮಾನ್ಯವಾಗಿ ಶಾಂತ. ಮಳೆಗಾಲದಲ್ಲಾದರೆ ಬೇಡವೇ ಬೇಡ ಅನ್ನುತ್ತಿದ್ದೆ.

ದ್ವೀಪಗಳ ನಡುವೆ ಓಡಾಡುವ ವೇಗದ ಬೋಟುಗಳು ಅಲ್ಲಿಯವರಿಗೆ ನಮ್ಮ ಬಸ್ಸಿದ್ದ ಹಾಗೆ. ಆಸ್ಪತ್ರೆಗೆ, ಕಾಲೇಜಿಗೆ ಅದರಲ್ಲೇ ಹೋಗಬೇಕು. ಸುಮ್ನೆ ನೋಡಲು ಹೋಗುವ ನಾವು ಆ ಸೀಟು ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ. ಎರಡು ದ್ವೀಪ ಕಡಿಮೆ ನೋಡಿದರೂ ಪರವಾಗಿಲ್ಲ. ಹೆಲಿಕಾಪ್ಟರ್ ಮುಖ್ಯವಾಗಿ ರೋಗಿಗಳಿಗೆ, ಅದನ್ನು ಲೆಕ್ಕಕ್ಕೇ ತರಬೇಡಿ.

ಪ್ರವೇಶದ ಪರ್ಮಿಟ್ ಕೈಗೆ ಬರುವ ಮೊದಲು ಟಿಕೆಟಿಗೆ ದುಡ್ಡು ಕಟ್ಟಬೇಡಿ. ಬಂಗಾರಂ ದೋಣಿಯಲ್ಲಿ ಅಮ್ಮನನ್ನು ಹಿಂದುಗಡೆ ಕೂರಿಸಿ. ಮುಂದೆ ಕೂತರೆ ಕುಲುಕಾಟ ಜಾಸ್ತಿ.