ಹೌದು, ಮರೋ ಹಾಗೆ ಮಾಡಿದ್ದು ನಿಜ

ಶಿವಮೊಗ್ಗದಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ.

ಹೋದ ಸಂಚಿಕೆಯಲ್ಲಿ ಅಮೆರಿಕದ ರೇಡಿಯೋ ಪತ್ರಕರ್ತ ಎಡ್ವರ್ಡ್ ಮರೋ ಬಗ್ಗೆ ಬರೀ ಹೊಗಳಿಕೆ ಬರೆದಿದ್ದೀರಿ ಅಂತ ನಿಮ್ಮ ಆಕ್ಷೇಪ. ರೇಡಿಯೋದಲ್ಲಿ ಮಾತಾಡುವವರಿಗೆ ಸಾಕ್ಷ್ಯಚಿತ್ರದಲ್ಲೇನು ಕೆಲಸ, ತಮ್ಮದೇ ಚಿತ್ರವನ್ನು ಅವರು ತಡೆಯಲು ಹೋದದ್ದನ್ನು ಯಾಕೆ ಬಿಟ್ಟಿರಿ ಅಂತಲೂ ಕೇಳಿದ್ದೀರಿ. ಜಾಗ ಸಾಲಲಿಲ್ಲ ಅನ್ನಬಹುದು. ಅದು ನೆಪ. ಬಿಡಬಾರದಿತ್ತು, ತಪ್ಪು ನಮ್ಮದೇ.

ಮೊದಲ ಪ್ರಶ್ನೆಗೆ ಮಾತ್ರ ಸ್ವಲ್ಪ ಜಗಳ ಆಡುತ್ತೇನೆ. 1940ರ ಆಗಸ್ಟ್ 24ರ ರಾತ್ರಿ ಮರೋ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ನಿಂತಿದ್ದರು. ಬಾಂಬ್ ದಾಳಿಯ ಸೈರನ್ ಕೂಗುತ್ತಿತ್ತು, ಜನ ಆಶ್ರಯದ ಕಡೆ ಹೋಗುತ್ತಿದ್ದರು. ಆಗ ಈ ಮನುಷ್ಯ ಏನು ಮಾಡಿದರು ಗೊತ್ತಾ? ಮಾತು ನಿಲ್ಲಿಸಿ ಮೈಕನ್ನು ನೆಲದ ಹತ್ತಿರ ಇಳಿಸಿದರು. ಕೇಳಿದ್ದು ಬರೀ ಹೆಜ್ಜೆ ಸಪ್ಪಳ. ಯಾರೂ ಓಡುತ್ತಿಲ್ಲ, ನಡೆದೇ ಹೋಗುತ್ತಿದ್ದಾರೆ ಅನ್ನೋದು ಅಮೆರಿಕದಲ್ಲಿ ರೇಡಿಯೋ ಮುಂದೆ ಕೂತವರಿಗೆ ಹಾಗೇ ತಿಳಿಯಿತು. ಆಗ ಅವರ ಸಿಬಿಎಸ್ ಕಂಪನಿಯಲ್ಲಿ ಧ್ವನಿಮುದ್ರಿಕೆ ಹಾಕುವ ಪದ್ಧತಿ ಇರಲಿಲ್ಲ, ಎಲ್ಲ ನೇರ ಪ್ರಸಾರವೇ. ಎಡವಿದರೆ ತಿದ್ದೋಕೆ ಅವಕಾಶ ಇಲ್ಲ.

ಅದೇ ಕಿವಿಯನ್ನು ಅವರು ಮುಂದೆ ಟಿವಿಗೂ ತಂದರು ಅಂತ ನನ್ನ ಅನಿಸಿಕೆ. 1951ರಲ್ಲಿ ನಿರ್ಮಾಪಕ ಫ್ರೆಡ್ ಫ್ರೆಂಡ್ಲಿ ಜೊತೆ ‘ಸೀ ಇಟ್ ನೌ’ ಅನ್ನೋ ಟಿವಿ ಕಾರ್ಯಕ್ರಮ ಶುರುವಾಯಿತು. ಮರುವರ್ಷ ಕ್ರಿಸ್‌ಮಸ್ ಹೊತ್ತಿಗೆ ಕೊರಿಯಾ ಯುದ್ಧಭೂಮಿಗೆ ಹೋದಾಗ ಅವರು ಸೇನಾಧಿಕಾರಿಗಳ ಹಿಂದೆ ಬೀಳಲಿಲ್ಲ. ಚಿತ್ರ ಶುರುವಾಗುವುದೇ ಹೆಪ್ಪುಗಟ್ಟಿದ ನೆಲವನ್ನು ಸೈನಿಕನೊಬ್ಬ ಅಗೆಯುವುದರಿಂದ. ಸಲಿಕೆ ನೆಲಕ್ಕೆ ತಾಗುವ ಸದ್ದು ಕೇಳಿದರೆ ಲಂಡನ್ನಿನ ಆ ಹೆಜ್ಜೆಗಳೇ ನೆನಪಾಗುತ್ತವೆ, ನನಗಂತೂ.

ಇನ್ನು ನೀವು ಹೇಳಿದ ಚಿತ್ರ, ‘ಹಾರ್ವೆಸ್ಟ್ ಆಫ್ ಶೇಮ್’. ಪ್ರಸಾರವಾದದ್ದು 1960ರ ನವೆಂಬರ್ 25ರಂದು, ಅಂದರೆ ಅಮೆರಿಕನ್ನರು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ ಮುಗಿಸಿದ ಮಾರನೇ ದಿನ. ಬೇಕಂತಲೇ ಆ ದಿನ! ಫ್ಲಾರಿಡಾದಿಂದ ಬೆಳೆ ಹುಡುಕಿಕೊಂಡು ಊರೂರು ಅಲೆಯುವ ಕೂಲಿಗಳ ಕಥೆ ಅದು. ನಮ್ಮ ಕಡೆ ಗುಳೆ ಹೋಗೋದು ಅಂತೀವಲ್ಲ, ಅದೇ. ಒಬ್ಬ ಜಮೀನುದಾರನ ಮಾತು ಅದರಲ್ಲಿದೆ: ಮೊದಲು ಗುಲಾಮರು ನಮ್ಮ ಸ್ವಂತ ಆಸ್ತಿಯಾಗಿದ್ದರು, ಈಗ ಬಾಡಿಗೆಗೆ ತರುತ್ತೇವೆ. ಹೊಲ ಹೊಲ ಸುತ್ತಿ ದುಡಿದದ್ದು ಜಾಸ್ತಿ ನಿರ್ಮಾಪಕ ಡೇವಿಡ್ ಲೋ. ಹೆಸರು ಬಂದದ್ದು ಮರೋಗೆ. ಇದನ್ನೂ ನಾವು ಬರೆದಿರಲಿಲ್ಲ.

1961ರಲ್ಲಿ ಕೆನಡಿ ಸರ್ಕಾರ ಮರೋ ಅವರನ್ನು ಅಮೆರಿಕದ ವಾರ್ತಾ ಸಂಸ್ಥೆಯ ಮುಖ್ಯಸ್ಥರನ್ನಾಗಿ ಮಾಡಿತು. ದೇಶದ ಒಳ್ಳೆ ಮುಖವನ್ನು ಹೊರಗಿನವರಿಗೆ ತೋರಿಸುವ ಕೆಲಸ. ಅಷ್ಟರಲ್ಲಿ ಬಿಬಿಸಿ ಈ ಚಿತ್ರ ತೋರಿಸಲು ಹೊರಟಿತು. ದಯವಿಟ್ಟು ಬೇಡ ಅಂತ ಮರೋ ಕೇಳಿಕೊಂಡರು. ಹೌದು, ಅದೇ ಮರೋ. ಕುರ್ಚಿ ಹಾಗೆ ಮಾಡಿಸಿತು ಅನ್ನೋರಿದ್ದಾರೆ. ನನಗೆ ಅಷ್ಟು ಸುಲಭ ಅನಿಸಲ್ಲ. ಲಂಡನ್ನಿನಲ್ಲಿದ್ದಾಗಲೂ ಅವರಿಗೆ ಒಂದು ಪಕ್ಷ ಇತ್ತು, ಬ್ರಿಟನ್ ಉಳಿಯಬೇಕು ಅನ್ನೋದು. ಹಿಟ್ಲರ್ ಎದುರಿಗೆ ಇದ್ದಾಗ ಅದು ಯಾರಿಗೂ ತಪ್ಪಾಗಿ ಕಾಣಲಿಲ್ಲ, ಅಲ್ವಾ? ನಾವು ಸುಮ್ನೆ ‘ನಿಷ್ಪಕ್ಷಪಾತಿ’ ಅಂತ ಬರೆದುಬಿಟ್ಟೆವು. ಆ ಪದ ವಾಪಸ್ ತಗೊಂಡಿದ್ದೇನೆ.

ಅಂದಹಾಗೆ, ಬಿಬಿಸಿ ಅವರ ಮಾತು ಕೇಳಲಿಲ್ಲ. ಚಿತ್ರ ಹಾಕಿಯೇ ಹಾಕಿತು.

– ಸಂ.